ಎಕ್ಸ್‌ಚೇಂಜ್ ಅತ್ತೆ ಹಿಡಿದಿಟ್ಟ ಸುದ್ದಿ

ಅಪ್ಪನ ಎಡಗಿವಿ ಕೇಳಿಸುವುದಿಲ್ಲ. ನಮ್ಮ ಮನೆಯ ಆಡಳಿತವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪ ದರ್ಜಿ. ಮನೆಯ ಮುಂಭಾಗವೇ ಅಂಗಡಿ. ಹೊಲಿಗೆ ಯಂತ್ರ ಕಿಟಕಿಯ ಬಳಿ ಓರೆಯಾಗಿ ನಿಂತಿದೆ. ಅದರ ಮುಂದೆ ಕೂತರೆ ಅಪ್ಪನ ಎಡಗಿವಿ ಬೀದಿಯ ಕಡೆಗೆ, ಬಲಗಿವಿ ಮನೆಯೊಳಗೆ ಹೋಗುವ ಬಾಗಿಲ ಕಡೆಗೆ. ಆ ಬಾಗಿಲಲ್ಲಿ ಒಂದು ಬೆತ್ತದ ಕುರ್ಚಿ. ಕುರ್ಚಿಯಲ್ಲಿ ಅತ್ತೆ, ಅಂದರೆ ಅಪ್ಪನ ಅಕ್ಕ. ಗಿರಾಕಿಗಳು ಬೀದಿಯಿಂದ ಕೂಗಿದ್ದು ಅಪ್ಪನಿಗೆ ಕೇಳುವುದಿಲ್ಲ, ಅತ್ತೆಗೆ ಕೇಳುತ್ತದೆ. ಒಳಗಿನಿಂದ ನಾವು ಹೇಳಬೇಕಾದದ್ದು ಅತ್ತೆಯನ್ನು ದಾಟಿಯೇ ಹೋಗಬೇಕು. ಹೀಗೆ ಹೊರಗಿನ ಪ್ರಪಂಚಕ್ಕೂ ಅಪ್ಪನಿಗೂ ನಡುವೆ ಇರುವುದು ಒಂದೇ ತಂತಿ. ಯಂತ್ರವನ್ನು ಹೀಗೆ ಓರೆಯಾಗಿ ಇಡಿಸಿದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಬೆಳಕಿಗಾಗಿ ಎಂದು ಅವಳು ಇವತ್ತಿಗೂ ವಾದಿಸುತ್ತಾಳೆ.

ಅತ್ತೆ ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದೊಡ್ಡ ಬೋರ್ಡಿನ ಮುಂದೆ ಕೂರುವುದು, ಪುಟ್ಟ ದೀಪ ಹೊತ್ತಿದ ತೂತಿಗೆ ತಂತಿ ಚುಚ್ಚುವುದು, ಇವರಿಗೆ ಅವರನ್ನು ಜೋಡಿಸುವುದು. ಮುಂದೆ ಎಲ್ಲವನ್ನೂ ಯಂತ್ರವೇ ಮಾಡತೊಡಗಿ ಬೋರ್ಡು ಗುಜರಿಗೆ ಹೋಯಿತು. ಅತ್ತೆಯ ತಲೆಯೊಳಗಿನ ಬೋರ್ಡು ಮಾತ್ರ ಹೋಗಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಊರಿನ ಗಂಡಸರೆಲ್ಲ ಫೋನಲ್ಲಿ ಏನೇನು ಮಾತಾಡ್ತಾರೆ ಅಂತ ಕೇಳಿಸ್ಕೊಂಡ ಮೇಲೆ ಯಾರಿಗಮ್ಮಾ ಬೇಕು?" ಎನ್ನುತ್ತಾಳೆ. ಬೀದಿಯವರೆಲ್ಲ ಅವಳನ್ನು ಎಕ್ಸ್‌ಚೇಂಜ್ ಅತ್ತೆ ಎಂದೇ ಕರೆಯುತ್ತಾರೆ. ಅವಳ ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಅವಳ ಕೈಚಳಕಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಗಿರಾಕಿಯೊಬ್ಬರು ಅಂಗಡಿಯ ಕಟ್ಟೆಯ ಮೇಲೆ ಶರ್ಟು ಬಿಸಾಡಿ, "ನಿಮ್ಮ ತಮ್ಮನ ಕೈ ಮೊದಲಿನ ಹಾಗಿಲ್ಲ, ನೋಡಿ ಇಲ್ಲಿ, ಕಾಲರ್ ಸೊಟ್ಟ" ಎಂದು ಕೂಗಾಡಿದರು. ಅಪ್ಪನ ಯಂತ್ರ ಕಟಕಟ ಓಡುತ್ತಲೇ ಇತ್ತು. ಅತ್ತೆ ಶಾಂತವಾಗಿ ಶರ್ಟು ಎತ್ತಿಕೊಂಡಳು.

"ತಮ್ಮಾ, ಇವರಿಗೆ ಕಾಲರ್ ತುಂಬಾ ಹಿಡಿಸಿತಂತೆ. ಎಡಗಡೆ ಒಂಚೂರು ಬಿಚ್ಚಿ ಎಳೆದು ಕೊಟ್ರೆ ಇನ್ನೂ ಹಿಡಿಸುತ್ತಂತೆ."

ಅಪ್ಪ ನಗುತ್ತ ಗಿರಾಕಿಗೆ ಕೈಮುಗಿದ. ಗಿರಾಕಿ ತಬ್ಬಿಬ್ಬಾಗಿ ತಾವೂ ಕೈಮುಗಿದರು. ಕೆಲವೇ ದಿನಗಳಲ್ಲಿ ಯಂತ್ರದ ಮೇಲೆ ಮೊದಲಿಗಿಂತ ಪ್ರಖರವಾದ ದೀಪ ಬಂತು. ಕಣ್ಣಿನ ಡಾಕ್ಟರ ಹತ್ತಿರ ಅತ್ತೆಯೇ "ನಂಗೆ ಜೊತೆಗೆ ಬಾ" ಎಂದು ಅಪ್ಪನನ್ನು ಕರೆದೊಯ್ದು, ಅಲ್ಲಿ ಕುರ್ಚಿಯ ಮೇಲೆ ಅಪ್ಪನನ್ನೇ ಕೂರಿಸಿದಳು. ಆ ದೂರು ಅಪ್ಪನನ್ನು ಇವತ್ತಿನವರೆಗೂ ತಲುಪಿಲ್ಲ. ಕಾಲರುಗಳು ಮಾತ್ರ ನೆಟ್ಟಗಾದವು.

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಮುಗಿಸಿ ಬಂದು ನಿದ್ದೆ, ಎದ್ದು ಮತ್ತೆ ಪಾಳಿ. ನಾವು ಏನು ಕೇಳಿದರೂ ಅವಳದು ಒಂದೇ ಉತ್ತರ: "ನಿಮ್ಮತ್ತೆ ಹತ್ರ ಹೇಳಿ."

ನಾನು ಒಂದು ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿ. ನನ್ನ ಕೆಲಸವೇನೆಂದು ಅತ್ತೆ ಒಮ್ಮೆ ಕೇಳಿದ್ದಳು.

"ದಿನವಿಡೀ ಕೈಗೆ ರಬ್ಬರ್ ಚೀಲ ಹಾಕ್ಕೊಂಡು ಅಲ್ಲೇನೇ ಮಾಡ್ತೀಯ, ದೊಡ್ಡವಳೇ?"

ಅಂಗಡಿಯಲ್ಲೇ ನಿಂತಿದ್ದರಿಂದ ಅಂಗಡಿಯ ಸಾಮಾನಿನಲ್ಲೇ ಹೇಳಿದೆ. ಗೋಡೆಯ ಮೊಳೆಗೆ ಅಪ್ಪ ದಪ್ಪ ರಟ್ಟಿನ ಪ್ಯಾಟರ್ನ್‌ಗಳನ್ನು ತೂಗುಹಾಕಿದ್ದಾನೆ: ತೋಳು, ಕಾಲರ್, ಬೆನ್ನು. ಆ ರಟ್ಟು ಅಂಗಡಿ ಬಿಟ್ಟು ಹೊರಗೆ ಹೋಗುವುದಿಲ್ಲ. ಬೇಕಾದಾಗ ಅದರ ಮೇಲೆ ತೆಳ್ಳನೆಯ ಕಾಗದವಿಟ್ಟು ನಕಲು ತೆಗೆಯುತ್ತಾನೆ, ಆ ಕಾಗದ ನೋಡಿ ಬಟ್ಟೆ ಕತ್ತರಿಸುತ್ತಾನೆ. ಜೀವಕೋಶದಲ್ಲೂ ಹಾಗೆಯೇ. ರಟ್ಟಿನ ಜಾಗದಲ್ಲಿ ಡಿಎನ್‌ಎ. ಅದರಲ್ಲಿ ಒಂದೊಂದು ಉಡುಪಿನ ಪ್ಯಾಟರ್ನ್ ಇದ್ದ ಹಾಗೆ ಒಂದೊಂದು ಜೀನ್. ತೆಳ್ಳನೆಯ ಕಾಗದ ಅಂದರೆ ಆರ್‌ಎನ್‌ಎ. ಹೊಲಿದು ಸಿದ್ಧವಾದ ಅಂಗಿ ಅಂದರೆ ಪ್ರೋಟೀನ್. ಕಾಗದ ಬೇಗ ಹರಿಯುತ್ತದೆ, ಆರ್‌ಎನ್‌ಎ ಕೂಡ. ನಮ್ಮ ಬೆರಳಿನ ಬೆವರಲ್ಲಿ ಅದನ್ನು ಕತ್ತರಿಸಿ ಹಾಕುವ ಕಿಣ್ವ ಇರುತ್ತದೆ, ಅದಕ್ಕೇ ಆ ರಬ್ಬರ್ ಚೀಲ.

"ಸರಿ. ಇದರಲ್ಲಿ ನಿನ್ನ ಪಾಲಿಗೆ ಬಂದಿರೋದು ಯಾವುದು? ರಟ್ಟೋ, ಕಾಗದವೋ?"

"ಕಾಗದ ಹಿಡ್ಕೊಳ್ಳೋ ಕೈ, ಅತ್ತೆ. ನಕಲು ತೆಗೆದ ಕೂಡಲೇ ಅಂಗಿ ಆಗಿಬಿಡಲ್ಲ. ಕೆಲವು ಪ್ರೋಟೀನುಗಳು ಬಂದು ಆರ್‌ಎನ್‌ಎ ಹಿಡ್ಕೋತವೆ. ಈಗಲೇ ಹೊಲಿಯೋಕೆ ಕಳಿಸಬೇಕಾ, ಸ್ವಲ್ಪ ಕಾಯಿಸಬೇಕಾ, ಬೇರೆ ಮೂಲೆಗೆ ಒಯ್ಯಬೇಕಾ, ಹರಿದು ಬಿಸಾಕಬೇಕಾ ಅನ್ನೋದನ್ನ ಅವೇ ನಿರ್ಧರಿಸ್ತವೆ. ರಟ್ಟು ಅದೇ ಇದ್ರೂ, ಯಾವ ಅಂಗಿ ಎಷ್ಟು, ಯಾವಾಗ ಅನ್ನೋದು ಈ ಕೈಗಳ ಮೇಲಿರುತ್ತೆ."

ಅತ್ತೆಯ ಮುಖ ಅರಳಿತು. ತನ್ನ ಇಲಾಖೆಯವರೇ ಯಾರೋ ಸಿಕ್ಕ ಹಾಗೆ, "ಪರವಾಗಿಲ್ಲ, ಅಲ್ಲೂ ಆಪರೇಟರ್‌ಗಳಿದ್ದಾರೆ ಅನ್ನು" ಎಂದಳು.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ಅತ್ತೆ ಅವಳನ್ನು ಚಿಕ್ಕವಳು ಎನ್ನುತ್ತಾಳೆ. ಅಪ್ಪ ಅವಳನ್ನು ಲೆಕ್ಕಪತ್ರದ ಕೋರ್ಸಿಗೆ ಸೇರಿಸಿದ್ದ. ಬಂದ ಗಿರಾಕಿಗಳಿಗೆಲ್ಲ, "ನಮ್ಮ ಚಿಕ್ಕ ಮಗಳು ನನ್ನ ಹಾಗೆ ಬೆನ್ನು ಬಗ್ಗಿಸಿ ಸಾಯಲ್ಲ. ಗಾಲಿ ಇರೋ ಕುರ್ಚಿ ಮೇಲೆ ಕೂತು ಕೆಲಸ ಮಾಡ್ತಾಳೆ" ಎಂದು ಹೇಳಿ ಇಟ್ಟಿದ್ದ. ಗಾಲಿ ಕುರ್ಚಿಯ ಮಾತು ಎತ್ತಿದಾಗಲೆಲ್ಲ ಅವನ ಬೆನ್ನು ತಾನಾಗಿಯೇ ಸ್ವಲ್ಪ ನೆಟ್ಟಗಾಗುತ್ತಿತ್ತು.

ಆದರೆ ಒಂದು ದಿನ ಕಾಲೇಜಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಸಿಕ್ಕಿಕೊಂಡವರೆಲ್ಲ ಬಾಗಿಲು ತೆರೆದ ಕೂಡಲೇ ಬದುಕಿದೆವಲ್ಲ ಎಂದು ಓಡಿದರು. ತಂಗಿ ಮಾತ್ರ ಅಲ್ಲೇ ನಿಂತು, ಮೆಕ್ಯಾನಿಕ್ ತೆರೆದಿಟ್ಟ ಪೆಟ್ಟಿಗೆಯೊಳಗೆ ಇಣುಕಿ, "ಇದು ಯಾಕೆ ಹೀಗಿದೆ? ಅದು ಯಾಕೆ ಸುತ್ತುತ್ತೆ?" ಎಂದು ಅವನ ತಲೆ ತಿಂದಳು. ಅಲ್ಲಿಗೆ ಲೆಕ್ಕಪತ್ರ ಮುಗಿಯಿತು. ಲಿಫ್ಟ್ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಸಂಜೆಯ ತರಬೇತಿಗೆ ಗುಟ್ಟಾಗಿ ಹೋದಳು, ಪರೀಕ್ಷೆ ಬರೆದಳು, ಆಯ್ಕೆಯೂ ಆದಳು. ಸೋಮವಾರ ಕೆಲಸಕ್ಕೆ ಸೇರಬೇಕು. ಬರುತ್ತೇನೋ ಇಲ್ಲವೋ ಎಂದು ಶನಿವಾರ ಸಂಜೆಯೊಳಗೆ ತಿಳಿಸಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

"ಹೋಗಿಬಿಡೇ, ಆಮೇಲೆ ಹೇಳಿದ್ರಾಯ್ತು" ಎಂದೆ.

"ಇಲ್ಲಕ್ಕ. ಅಪ್ಪ ಬೇಡ ಅಂದ್ರೆ ಹೋಗಲ್ಲ. ಲಿಫ್ಟಿನ ಮೇಲೆ ನಿಂತು ಕೆಲಸ ಮಾಡುವಾಗ ಅಪ್ಪನಿಗೆ ಗೊತ್ತಿಲ್ಲ ಅಂತ ನೆನಪಾದ್ರೆ ಕೈ ನಡುಗುತ್ತೆ. ಅಲ್ಲಿ ಕೈ ನಡುಗಬಾರದು."

ತೊಂದರೆ ಇದ್ದದ್ದು ಇಲ್ಲೇ. ಅಪ್ಪ ಒಮ್ಮೆ 'ಬೇಡ' ಎಂದರೆ ಅದು ಕತ್ತರಿಸಿದ ಬಟ್ಟೆಯ ಹಾಗೆ, ಮತ್ತೆ ಮೊದಲಿನಂತಾಗುವುದಿಲ್ಲ. ಹಾಗಾಗಿ ಅವಳು ತಾನೇ, ತನ್ನ ಮಾತಿನಲ್ಲೇ, ಸಮಾಧಾನವಾಗಿ ಹೇಳಬೇಕಿತ್ತು. ಆದರೆ ಅವಳು ಊಟದ ಹೊತ್ತಿಗೆ "ಅಪ್ಪಾ, ಕಾಲೇಜಲ್ಲಿ..." ಎಂದು ಶುರುಮಾಡಿದಾಗಲೆಲ್ಲ ಅತ್ತೆ ನಡುವೆ ನೀರಿನ ಚೊಂಬು ಇಟ್ಟು, "ಅವನು ಉಣ್ಣಲಿ ಬಿಡೇ" ಎನ್ನುತ್ತಿದ್ದಳು. ಅಂಗಡಿಯಲ್ಲಿ ಹೇಳಹೊರಟರೆ, "ನೋಡ್ತಿಲ್ವಾ, ಸೂಜಿಗೆ ನೂಲು ಹಾಕ್ತಿದ್ದಾನೆ" ಎನ್ನುತ್ತಿದ್ದಳು. ಸುದ್ದಿಯ ವಾಸನೆ ಹಿಡಿದು ಅತ್ತೆ ಅದನ್ನು ಕೊಲ್ಲುತ್ತಿದ್ದಾಳೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಕಾಲರಿನ ದೂರನ್ನು ಕೊಂದವಳಿಗೆ ಇದೇನು ದೊಡ್ಡದು!

ಆ ಗುರುವಾರ ಪ್ರಯೋಗಾಲಯದಲ್ಲಿ ನಾನೊಂದು ಜೆಲ್ ಓಡಿಸಿದೆ. ಜೆಲ್ ಅಂದರೆ ಪಾರದರ್ಶಕವಾದ, ಜೆಲ್ಲಿಯಂಥ ಒಂದು ಹಾಳೆ. ಅದರ ಮೇಲ್ತುದಿಯ ಗುಂಡಿಗಳಲ್ಲಿ ಹೊಳೆಯುವ ಬಣ್ಣ ಅಂಟಿಸಿದ ಆರ್‌ಎನ್‌ಎ ಹಾಕಿ ವಿದ್ಯುತ್ ಹರಿಸಿದರೆ ಅದು ಕೆಳಗಡೆಗೆ ಓಡುತ್ತದೆ. ಒಂಟಿ ಆರ್‌ಎನ್‌ಎ ಬೇಗ ಓಡುತ್ತದೆ. ಪ್ರೋಟೀನೊಂದು ಅದರ ಕೈ ಹಿಡಿದುಕೊಂಡಿದ್ದರೆ ಹಿಂದೆ ಉಳಿಯುತ್ತದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವ ಚಿಕ್ಕಪ್ಪನ ಜೊತೆ ಪೇಟೆಗೆ ಹೋದವರ ಹಾಗೆ. ಎಲ್ಲಿ ಉಳಿಯಿತು ಎಂದು ನೋಡಿದರೆ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ. ಹೋಲಿಕೆಗೆಂದು ಪಕ್ಕದ ಸಾಲಿನಲ್ಲಿ, ಆರ್‌ಎನ್‌ಎಯ ರಾಸಾಯನಿಕ ಅಕ್ಷರಗಳಲ್ಲಿ ಕೆಲವನ್ನು ಬದಲಾಯಿಸಿ, ಪ್ರೋಟೀನು ಹಿಡಿಯಬಾರದ ಒಂದನ್ನೂ ಹಾಕುತ್ತೇವೆ.

ನನ್ನ ಜೆಲ್‌ನಲ್ಲಿ ಆರ್‌ಎನ್‌ಎ ಹಿಂದೆ ಉಳಿದಿತ್ತು. ದಪ್ಪ, ಹೊಳೆಯುವ ಪಟ್ಟೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಕೋಣೆಗೆ ಓಡಿದೆ. ಅವರು ಚಿತ್ರ ನೋಡಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಪಕ್ಕದ ಸಾಲಲ್ಲಿ ಅಕ್ಷರ ಬದಲಾಯಿಸಿದ ಆರ್‌ಎನ್‌ಎ ಇದೆಯಲ್ಲಾ, ಅದನ್ನೂ ಹಿಡಿದಿದೆ?"

"ಹೌದು ಮೇಡಂ."

"ಸ್ಪರ್ಧಿ ಹಾಕಿದ್ರಾ?"

ಹಾಕಿರಲಿಲ್ಲ. ಆತುರದಲ್ಲಿ ಮರೆತಿದ್ದೆ. ಆರ್‌ಎನ್‌ಎ ಮೇಲೆ ಋಣ ವಿದ್ಯುದಂಶ ಇರುತ್ತದೆ. ಇಂಥ ಪ್ರೋಟೀನಿನ ಮೈಮೇಲೆ ಅಲ್ಲಲ್ಲಿ ಧನ ವಿದ್ಯುದಂಶ. ಬಿಟ್ಟರೆ ಅದು ಎದುರಿಗೆ ಸಿಕ್ಕ ಯಾವ ಆರ್‌ಎನ್‌ಎಯನ್ನಾದರೂ ತಬ್ಬಿಕೊಳ್ಳುತ್ತದೆ. ಹಾಗಾಗಿ ಯೀಸ್ಟ್‌ನಿಂದ ತೆಗೆದ, ಯಾರಿಗೂ ಬೇಡದ ಆರ್‌ಎನ್‌ಎಯನ್ನು ರಾಶಿಗಟ್ಟಲೆ ಸುರಿಯುತ್ತೇವೆ; ಅದೇ ಸ್ಪರ್ಧಿ. ಸಿಕ್ಕವರನ್ನು ತಬ್ಬುವ ಚಪಲವೆಲ್ಲ ಆ ರಾಶಿಯ ಮೇಲೆ ತೀರುತ್ತದೆ. ಆ ಗದ್ದಲದಲ್ಲೂ ತನ್ನ ಆರ್‌ಎನ್‌ಎಯ ಅಕ್ಷರಗಳನ್ನು ಗುರುತಿಸಿ ಹಿಡಿದರೆ ಮಾತ್ರ ಅದು ನಿಜವಾದ ಹಿಡಿತ.

"ಸಂತೆಗೆ ಬಿಟ್ಟು ನೋಡಿ. ಖಾಲಿ ಮನೇಲಿ ಎಲ್ರೂ ಪತಿವ್ರತೆಯರೇ" ಎಂದರು ಮೇಡಂ.

ನಾಚಿಕೆಯಿಂದ ಹೊರಬಂದೆ. ಆದರೆ ಬಸ್ಸಿನಲ್ಲಿ ಕೂತಾಗ ತಲೆಯಲ್ಲಿ ದೀಪ ಹೊತ್ತಿತು. ಮನೆಗೆ ಬಂದವಳೇ ತಂಗಿಯನ್ನು ಹಿತ್ತಲಿಗೆ ಎಳೆದೊಯ್ದೆ.

"ಅತ್ತೆಗೆ ಸ್ಪರ್ಧಿ ಹಾಕೋಣ."

"ಏನು ಹಾಕೋಣ?"

"ಹರಟೆ ಸುದ್ದಿ ಕಣೇ. ಕೆಲಸಕ್ಕೆ ಬಾರದ್ದು, ರಾಶಿ ರಾಶಿ. ಒಂದರ ಮೇಲೊಂದು ಹೇಳ್ತಾನೇ ಇರ್ತೀನಿ. ಅವಳು ಅದನ್ನೆಲ್ಲಾ ಹಿಡಿದು, ಯಾವುದು ಹೇಳ್ಲಿ ಯಾವುದು ಬಿಡ್ಲಿ ಅಂತ ಒದ್ದಾಡ್ತಿರುವಾಗ ನೀನು ಪಕ್ಕದಿಂದ ನುಸುಳಿ ಅಪ್ಪನ ಬಲಗಿವಿ ಹತ್ರ ಹೋಗಿ ನಿಂತ್ಕೋ."

ತಂಗಿ ನನ್ನನ್ನು ಗೌರವದಿಂದ ನೋಡಿದಳು. "ಅಕ್ಕಾ, ನಿನ್ನ ಓದು ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ."

ಶುಕ್ರವಾರ ಜೆಲ್ ಮತ್ತೆ ಓಡಿಸಿದೆ, ಸ್ಪರ್ಧಿಯನ್ನು ಧಾರಾಳವಾಗಿ ಹಾಕಿ. ಅಕ್ಷರ ಬದಲಾಯಿಸಿದ ಆರ್‌ಎನ್‌ಎ ಕೈತಪ್ಪಿ ಕೆಳಗೆ ಓಡಿಹೋಯಿತು. ನಿಜವಾದದ್ದರ ಪಟ್ಟೆ ಮಾತ್ರ ಅಲುಗದೆ ಅಲ್ಲೇ ನಿಂತಿತ್ತು. ನನ್ನ ಪ್ರೋಟೀನು ಸಂತೆಯಲ್ಲೂ ತನ್ನದನ್ನು ಗುರುತಿಸಿತ್ತು. ಮೇಡಂ ನಕ್ಕರು, ನಾನು ಕುಣಿದೆ. ಕಣ್ಣಾರೆ ಅದನ್ನು ನೋಡಿಯೂ ಶನಿವಾರದ ಯೋಜನೆಯಲ್ಲಿ ಏನು ತಪ್ಪಿದೆ ಎಂದು ನನಗೆ ಹೊಳೆಯಲಿಲ್ಲವಲ್ಲ, ಅದಕ್ಕೆ ಏನು ಹೇಳುವುದೋ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ಅಂಗಡಿಯ ವಾತಾವರಣ ಚೆನ್ನಾಗಿರಲಿಲ್ಲ. ಒಂದು ಶಾಲೆಯ ಸಮವಸ್ತ್ರದ ಕೆಲಸ ಒಪ್ಪಿಕೊಂಡಿದ್ದ ಅಪ್ಪ. ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ಕೆಟ್ಟು ಕೂತಿತ್ತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಿದ್ದಾನೆಂದು ಅತ್ತೆಯೇ ದಿನವೂ ಅಪ್ಪನಿಗೆ ತಿಳಿಸುತ್ತಿದ್ದಳು. ಅಂಚು ಹಾಕದ ನೀಲಿ ಚಡ್ಡಿಗಳ ಗುಡ್ಡೆ ಅಪ್ಪನ ಪಕ್ಕದಲ್ಲಿ ಮಂಡಿಯೆತ್ತರಕ್ಕೆ ಬೆಳೆದಿತ್ತು.

ನಾನು ಅತ್ತೆಯ ಕುರ್ಚಿಯ ಪಕ್ಕ ನಿಂತು ಶುರುಮಾಡಿದೆ.

"ಅತ್ತೆ, ಮೂಲೆಮನೆ ಬೆಕ್ಕು ಮರಿ ಹಾಕಿದೆ."

ಅತ್ತೆ ನನ್ನ ಮುಖ ನೋಡಲಿಲ್ಲ. "ತಮ್ಮಾ! ಮೂಲೆಮನೆ ಬೆಕ್ಕು ಮರಿ ಹಾಕಿದೆಯಂತೆ!"

"ಆಂ? ಯಾವ ಬೆಕ್ಕು?" ಎಂದ ಅಪ್ಪ.

"ಅತ್ತೆ, ನಮ್ಮ ಲ್ಯಾಬಿನ ಗಡಿಯಾರ ಹಿಂದೆ ಓಡ್ತಿದೆ."

"ತಮ್ಮಾ! ದೊಡ್ಡವಳ ಲ್ಯಾಬಿನ ಗಡಿಯಾರ ಹಿಂದೆ ಓಡ್ತಿದೆಯಂತೆ!"

"ಅದಕ್ಕೆ ನಾನೇನು ಮಾಡ್ಲಿ?"

"ಅತ್ತೆ, ಎದುರುಮನೆಯವರು ಪರದೆ ಬದಲಾಯಿಸಿದ್ದಾರೆ. ಅತ್ತೆ, ಅಮ್ಮನ ವಾರ್ಡಿನ ಫ್ಯಾನು ಕಿರ್ ಅಂತಿದೆಯಂತೆ. ಅತ್ತೆ, ಈ ಸಲದ ಸೋಪಿಗೆ ವಾಸನೆ ಕಮ್ಮಿ."

"ತಮ್ಮಾ! ಪರದೆ ಬದಲಾಯ್ತಂತೆ! ಫ್ಯಾನು ಕಿರ್ ಅಂತಂತೆ! ಸೋಪಿಗೆ ವಾಸನೆ ಇಲ್ವಂತೆ!"

ಅಪ್ಪ ಯಂತ್ರ ನಿಲ್ಲಿಸಿ ತಿರುಗಿದ. "ಅಕ್ಕಾ, ಇವತ್ತೇನು ಮನೇಲಿ ರೇಡಿಯೋ ಸ್ಟೇಷನ್ ತೆಗೆದಿದ್ದೀರಾ? ಇಲ್ಲಿ ಚಡ್ಡಿ ಗುಡ್ಡೆ ನೋಡಿ ನಂಗೆ ತಲೆ ಸುತ್ತುತಾ ಇದೆ!"

ಲೆಕ್ಕ ತಪ್ಪುತ್ತಿರುವುದು ನನಗೆ ಆಗ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಅತ್ತೆ ಯಾವುದನ್ನೂ ಹಿಡಿಯುತ್ತಿರಲಿಲ್ಲ. ನಾನು ಕೊಟ್ಟಿದ್ದೆಲ್ಲ ಸೀದಾ ಅಪ್ಪನ ಬಲಗಿವಿಗೆ ಹೋಗಿ ಬೀಳುತ್ತಿತ್ತು. ಅವಳ ಎರಡೂ ಕೈಗಳು ಮಡಿಲಲ್ಲಿ ಖಾಲಿ ಇದ್ದವು.

ಅದೇ ಹೊತ್ತಿಗೆ ತಂಗಿ ಕತ್ತರಿಸಿದ ತೋಳುಗಳ ಒಂದು ಕಟ್ಟನ್ನು ಎದೆಗವಚಿಕೊಂಡು, ಅಪ್ಪನಿಗೆ ಕೊಡಲು ಹೋಗುವವಳ ಹಾಗೆ ಕುರ್ಚಿಯ ಪಕ್ಕದಿಂದ ನುಸುಳಿದಳು. ಬಾಯಿ ಬಿಟ್ಟಿರಲಿಲ್ಲ. ಉಸಿರನ್ನೂ ಬಿಟ್ಟಿರಲಿಲ್ಲ ಅನ್ನಿಸುತ್ತದೆ. ಅತ್ತೆ ಬೀದಿಯ ಕಡೆಗೇ ನೋಡುತ್ತ, ಕೈ ಚಾಚಿ, ಅವಳ ಮಣಿಕಟ್ಟು ಹಿಡಿದಳು.

"ಇದೊಂದು ಇಲ್ಲೇ ಇರ್ಲಿ" ಎಂದಳು.

ನಮ್ಮಿಬ್ಬರನ್ನೂ ಅಡುಗೆಮನೆಗೆ ನಡೆಸಿಕೊಂಡು ಹೋಗಿ, ತಾನು ಮಗುಚಿಟ್ಟ ಡಬ್ಬದ ಮೇಲೆ ಕೂತಳು. ತಂಗಿಯ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ತಿರುಗಿಸಿ ಉಗುರು ನೋಡಿದಳು.

"ಅಕೌಂಟ್ಸ್ ಓದೋ ಹುಡುಗಿ ಉಗುರಲ್ಲಿ ಗ್ರೀಸು. ಯಾಕೆ, ಲೆಕ್ಕ ಜಾರಲಿ ಅಂತ ಹಚ್ಕೊಂಡಿದ್ಯಾ?"

ತಂಗಿ ಅಳುವುದರಲ್ಲಿದ್ದಳು. "ಎಷ್ಟು ದಿನದಿಂದ ಗೊತ್ತು ಅತ್ತೆ?"

"ನಿನ್ನ ಉಗುರಿಗೆ ಗೊತ್ತಾದಾಗಿಂದ. ಲಿಫ್ಟಿನ ವರ್ಕ್‌ಶಾಪಿಗೂ ಫೋನ್ ಮಾಡಿದ್ದೆ. ಆ ಮೇಲ್ವಿಚಾರಕ ಒಳ್ಳೆ ಮನುಷ್ಯ. ಹುಡುಗಿ ಹೇಗೆ ಅಂದೆ. ಕೈ ಚೆನ್ನಾಗಿದೆ, ಬಾಯಿ ಜಾಸ್ತಿ ಅಂದ. ನಮ್ಮ ಹುಡುಗೀನೇ ಅಂತ ಖಾತ್ರಿ ಆಯ್ತು."

"ನಾನು ನಿಂಗೆ ಅಲ್ಲಿನ ನಂಬರ್ ಕೊಡಲೇ ಇಲ್ಲ!"

"ನೀನು ಕೊಡಬೇಕಾ? ನಂಬರ್ ಹುಡುಕೋದೇ ಅಲ್ವೇನೇ ನನ್ನ ಸಂಬಳದ ಕೆಲಸ ಆಗಿದ್ದಿದ್ದು?"

ನನಗೆ ತಡೆಯಲಾಗಲಿಲ್ಲ. "ಎಲ್ಲಾ ಗೊತ್ತಿದ್ದೂ ಯಾಕೆ ಕೊಂದೆ ಅತ್ತೆ? ಇವತ್ತು ಸಂಜೆಗೆ ಗಡುವು!"

ಅತ್ತೆ ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. "ಯಾರೇ ಕೊಂದಿದ್ದು? ಕೊಲ್ಲೋ ಸುದ್ದೀನ ಇಷ್ಟು ದಿನ ಯಾರಾದ್ರೂ ಹೊತ್ಕೊಂಡು ತಿರುಗ್ತಾರಾ? ಹಿಡಿದಿಟ್ಕೊಂಡಿದ್ದೀನಿ. ಊಟದ ಹೊತ್ತಲ್ಲಿ 'ಲಿಫ್ಟು' ಅಂದಿದ್ರೆ ಅವನ ಕಣ್ಣಿಗೆ ಏನು ಕಾಣ್ತಿತ್ತು? ಮಗಳು ಮೇಲಿಂದ ಬೀಳೋದು. ಬೇಡ ಅಂತಿದ್ದ. ಅವನು ಬೇಡ ಅಂದ ಮೇಲೆ ನಾನು ಯಾವ ತೂತಿಗೆ ತಂತಿ ಚುಚ್ಚಲಿ?"

"ಮತ್ತೆ ಯಾವಾಗ ಬಿಡ್ತೀಯ?"

"ನಿಮ್ಮಪ್ಪ ಕಿವಿಯಿಂದ ನಂಬೋನಲ್ಲ, ಕಣ್ಣಿಂದ ನಂಬೋನು. ಅವನು ಮೊದಲು ಇವಳ ಕೈ ನೋಡಬೇಕು. ಓವರ್‌ಲಾಕ್ ಕೆಟ್ಟು ಇಷ್ಟು ದಿನ ಆಯ್ತು, ರಿಪೇರಿಯವನು ಯಾಕೆ ಬಂದಿಲ್ಲ ಅಂತ ಯೋಚನೆ ಮಾಡಿದ್ಯಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅವನು ಪಾಪ, ದಿನಾ ಫೋನ್ ಮಾಡ್ತಾನೆ, ಬರ್ಲಾ ಬರ್ಲಾ ಅಂತ. ನಾನೇ ಬೇಡ ಅಂದಿದ್ದೀನಿ."

ಕೋಶದೊಳಗಿನ ಪ್ರೋಟೀನುಗಳು ಏನೇನು ಆಟ ಆಡುತ್ತವೆ ಎಂದು ಸಾಕಷ್ಟು ಓದಿದ್ದೇನೆ. ಸಂದೇಶವನ್ನು ಅದರ ಕಾಲ ಬರುವವರೆಗೆ ಅನುವಾದವಾಗದಂತೆ, ಅಂದರೆ ಅಂಗಿಯಾಗದಂತೆ, ಕಾಪಾಡುವ ಪ್ರೋಟೀನುಗಳಿವೆ. ಎಷ್ಟೋ ಪ್ರಾಣಿಗಳ ಮೊಟ್ಟೆಯಲ್ಲಿ ತಾಯಿ ಇಟ್ಟ ಆರ್‌ಎನ್‌ಎಗಳು ಹೀಗೇ ಕಾಯುತ್ತ ಕೂತಿರುತ್ತವೆ. ಬೇಕಾದ ಮೂಲೆ ಮುಟ್ಟುವವರೆಗೆ ಬಾಯಿ ಬಿಡಿಸದೆ ಒಯ್ಯುವವೂ ಇವೆ. ಆದರೆ ಸಂದೇಶ ಹೋಗಿ ತಲುಪುವ ಜಾಗದ ಯಂತ್ರವನ್ನೇ ರಿಪೇರಿಯಾಗದಂತೆ ಇಟ್ಟು ಕಾಯುವ ಪ್ರೋಟೀನನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ನನ್ನ ಜೆಲ್ ಹಿಡಿತವನ್ನು ಮಾತ್ರ ತೋರಿಸುತ್ತದೆ, ಹಿಡಿದು ಏನು ಮಾಡುತ್ತದೆ ಎಂದು ತೋರಿಸುವುದಿಲ್ಲ. ಅದಕ್ಕೆ ಬೇರೆ ಪ್ರಯೋಗವೇ ಬೇಕು. ಪ್ರಯೋಗಾಲಯದಲ್ಲಿ ಇದನ್ನು ಎಲ್ಲರಿಗೂ ಹೇಳಿಕೊಡುವವಳು ನಾನೇ. ಮನೆಯಲ್ಲಿ ಮಾತ್ರ ಹಿಡಿದಳು ಎಂದ ಕೂಡಲೇ ಕೊಂದಳು ಎಂದು ಬರೆದುಕೊಂಡುಬಿಟ್ಟಿದ್ದೆ.

"ಅತ್ತೆ, ನಾನು ಹೊಲಿಗೆ ಮೆಷಿನ್ ಬಿಚ್ಚೇ ಇಲ್ಲ" ಎಂದಳು ತಂಗಿ. "ಲಿಫ್ಟಿಗೂ ಅದಕ್ಕೂ ಏನು ಸಂಬಂಧ?"

"ಎರಡಕ್ಕೂ ಮೋಟಾರಿದೆ. ಹೋಗು, ಹಾಸಿಗೆ ಕೆಳಗೆ ಬಚ್ಚಿಟ್ಟಿರೋ, ಲಿಫ್ಟ್ ಕಂಪನಿ ಹೆಸರಿರೋ ಸ್ಕ್ರೂಡ್ರೈವರ್ ಚೀಲ ತಗೊಂಡು ಬಾ. ಅಲ್ಲಿ ಯಾರೂ ಗುಡಿಸಲ್ಲ ಅಂತ ಅಂದ್ಕೊಂಡಿದ್ದೀಯಾ? ಗುಡಿಸೋಳು ನಾನೇ."

ಎರಡನೆಯ ಸಲ ಅವಳು ಕುರ್ಚಿಯ ಪಕ್ಕದಿಂದ ಹೋಗುವಾಗ ಅತ್ತೆ ತಡೆಯಲಿಲ್ಲ. ತಡೆದದ್ದು ಅಪ್ಪ.

"ಏಯ್, ಮುಟ್ಟಬೇಡ! ಇನ್ನೂ ಕೆಡಿಸಿಬಿಡ್ತೀಯ."

"ತಮ್ಮಾ, ಅದು ಸತ್ತು ಮಲಗಿದೆ. ಸತ್ತಿರೋದನ್ನ ಇನ್ನೆಷ್ಟು ಕೆಡಿಸ್ತಾಳೆ?" ಎಂದಳು ಅತ್ತೆ ತನ್ನ ಜಾಗದಲ್ಲಿ ಕೂರುತ್ತ.

ತಂಗಿ ಮೊದಲು ಪ್ಲಗ್ ಕಿತ್ತಳು. ಚಕ್ರವನ್ನು ಕೈಯಲ್ಲಿ ತಿರುಗಿಸಿ ಕಿವಿಗೊಟ್ಟಳು. ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ನೀಲಿ ಚಡ್ಡಿಯ ಮೇಲೆ ಸಾಲಾಗಿ ಇಟ್ಟಳು. ಅಪ್ಪ ಹೊಲಿಯುತ್ತಿರುವಂತೆ ನಟಿಸುತ್ತಿದ್ದ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಮೋಟಾರಿನ ಒಳಗಿನ ಇದ್ದಿಲಿನ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಪುಟ್ಟ ತುಂಡು, ಸವೆದು ಹೋಗಿತ್ತು.

"ಇದು ಹೊಸದು ಬೇಕು" ಎಂದು ಅವಳು ನಿರಾಸೆಯಿಂದ ತಲೆಯೆತ್ತಿದಳು.

ಅತ್ತೆ ಕನ್ನಡಕದ ಡಬ್ಬಿ ತೆರೆದು, ಕಾಗದದಲ್ಲಿ ಸುತ್ತಿದ ಒಂದು ಜೊತೆ ಬ್ರಷ್ ತೆಗೆದು ಕೊಟ್ಟಳು. ಎಲ್ಲಿಂದ ಬಂತು ಎಂದು ಅಪ್ಪ ಕೇಳಲಿಲ್ಲ. ಅವನ ಕಣ್ಣೆಲ್ಲ ಮಗಳ ಬೆರಳುಗಳ ಮೇಲಿತ್ತು. ಹಾಕಿ ಸ್ವಿಚ್ ಒತ್ತಿದರೆ ಮೋಟಾರು ಗುಂಯ್ ಎಂದು ನರಳಿತು, ತಿರುಗಲಿಲ್ಲ. ಅಪ್ಪ "ಹೇಳಿದ್ನಲ್ಲಾ" ಎಂದ. ಅತ್ತೆಯ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡವು. ಅವಳಿಗೂ ಮುಂದೇನೆಂದು ಗೊತ್ತಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗಲೇ.

ತಂಗಿ ಗಾಬರಿಯಾಗಲಿಲ್ಲ. ಮತ್ತೆ ಪ್ಲಗ್ ಕಿತ್ತು, ಬೆಲ್ಟು ಬಿಚ್ಚಿ, ಚಿಮುಟದಿಂದ ರಾಟೆಯ ಹಿಂದಿನಿಂದ ಏನನ್ನೋ ಎಳೆಯತೊಡಗಿದಳು. ನೂಲು. ಕೆಂಪು, ಬಿಳಿ, ಹಸಿರು, ಕಪ್ಪು. ಅಪ್ಪ ಎಂದೋ ಹೊಲಿದ ಬಟ್ಟೆಗಳ ನೂಲೆಲ್ಲ ಅಲ್ಲಿ ಸುತ್ತಿಕೊಂಡು ಗಂಟಾಗಿ ಕೂತಿತ್ತು. ಎಳೆದಷ್ಟೂ ಬರುತ್ತಿತ್ತು. ಕೊನೆಯ ಎಳೆ ಬಂದ ಮೇಲೆ ಬೆಲ್ಟು ಬಿಗಿದು ಸ್ವಿಚ್ ಒತ್ತಿದಳು. ಯಂತ್ರ ಝರ್ರನೆ ಓಡಿತು.

ಅಪ್ಪ ಎದ್ದು ಬಂದು, ಒಂದು ಚಡ್ಡಿಯ ಅಂಚನ್ನು ಅದರ ಬಾಯಿಗೆ ಕೊಟ್ಟ. ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ, ಎಳೆದು ನೋಡಿದ. ಮತ್ತೊಂದು ಚಡ್ಡಿ ಕೊಟ್ಟ. ಆಮೇಲೆ ತನ್ನ ಜಾಗಕ್ಕೆ ಮರಳಿ ಕೂತು, ಕನ್ನಡಕ ತೆಗೆದು, "ಯಾರು ಕಲಿಸಿದ್ರೇ ನಿಂಗೆ?" ಎಂದು ಕೇಳಿದ.

ಆಗ ಅತ್ತೆ ಕುರ್ಚಿ ಬಿಟ್ಟು ಎದ್ದಳು. ಹಗಲು ಹೊತ್ತಿನಲ್ಲಿ, ಅಂಗಡಿ ತೆರೆದಿರುವಾಗ, ಅವಳು ಆ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ತಂಗಿಯ ಬೆನ್ನಿಗೆ ಕೈಹಾಕಿ ಅದರಲ್ಲಿ ಕೂರಿಸಿದಳು.

"ಈಗ ಮಾತಾಡು" ಎಂದಳು.

ಅಪ್ಪನ ಬಲಗಿವಿಯ ಪಕ್ಕ ಕೂತು ತಂಗಿ ಎಲ್ಲ ಹೇಳಿದಳು: ನಿಂತ ಲಿಫ್ಟು, ಬಿಟ್ಟ ಕಾಲೇಜು, ಸಂಜೆಯ ತರಬೇತಿ, ಸೋಮವಾರ. ಅಪ್ಪ ಸ್ವಿಚ್ ಆರಿಸಿ ಕೇಳಿಸಿಕೊಂಡ.

"ಹಗ್ಗ ಕಡಿದ್ರೆ?"

"ಒಂದೇ ಹಗ್ಗ ಇರಲ್ಲಪ್ಪಾ, ಉಕ್ಕಿನವು, ಸುಮಾರು ಇರ್ತವೆ. ಎಲ್ಲಾ ಕಡಿದ್ರೂ, ಜೋರಾಗಿ ಇಳಿಯೋಕೆ ಶುರುವಾದ ತಕ್ಷಣ ಪಕ್ಕದ ಕಂಬಿಗಳನ್ನ ಗಟ್ಟಿಯಾಗಿ ಕಚ್ಚಿ ಹಿಡಿಯೋ ಒಂದು ಬ್ರೇಕ್ ಇದೆ. ಅದು ಸರಿಯಾಗಿ ಹಿಡಿಯುತ್ತಾ ಅಂತ ನೋಡೋದೂ ನನ್ನ ಕೆಲಸಾನೇ."

"ಗಾಲಿ ಕುರ್ಚಿ?"

"ಸಾಮಾನು ತಳ್ಳೋ ಗಾಡಿಗೆ ಗಾಲಿ ಇದೆ, ಅಪ್ಪಾ."

ಅಪ್ಪನ ತುಟಿಯ ಒಂದು ಮೂಲೆ ಮಾತ್ರ ಅಲುಗಿತು. ಕೊರಳಿನಿಂದ ಟೇಪು ಎಳೆದುಕೊಂಡು, "ಎದ್ದು ನಿಂತ್ಕೋ" ಎಂದ. ಹೆಗಲು ಅಳೆದ, ತೋಳು ಅಳೆದ. "ಕೆಲಸದ ಬಟ್ಟೆ ಅಂಗಡಿಯಿಂದ ತಗೊಂಡ್ರೆ ಮಂಡಿ ಹತ್ರ ಹರಿಯುತ್ತೆ. ಎರಡು ಪದರ ಕೊಡ್ತೀನಿ. ಸ್ಕ್ರೂಡ್ರೈವರಿಗೆ ಜೇಬು ಎಲ್ಲಿ ಬೇಕು? ತೊಡೆ ಹತ್ರಾನಾ, ಸೊಂಟದ ಹತ್ರಾನಾ?"

ತಂಗಿ ತೋರಿಸಲು ಹೋಗಿ ಅಳತೊಡಗಿದಳು. "ಅಲುಗಬೇಡ, ಅಳತೆ ತಪ್ಪುತ್ತೆ" ಎಂದು ಅಪ್ಪ ಗದರಿದ. ಒಳಗೆ ಫೋನಿನ ಹತ್ತಿರ ನಾನೇ ಹೋಗಿ ವರ್ಕ್‌ಶಾಪಿಗೆ ಸುದ್ದಿ ಮುಟ್ಟಿಸಿದೆ. ಮೇಲ್ವಿಚಾರಕರು, "ಅತ್ತೆಯವರಿಗೆ ನಮಸ್ಕಾರ ಹೇಳಿ" ಎಂದರು.

ವಾಪಸು ಬಂದಾಗ ಅಪ್ಪ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದ. ಏನೋ ನೆನಪಾಗಿ ತಲೆಯೆತ್ತಿದ.

"ಅಕ್ಕಾ, ಆ ರಿಪೇರಿಯವನಿಗೆ ಫೋನ್ ಮಾಡಿ, ಇನ್ಮೇಲೆ ಬರೋದೇ ಬೇಡ ಅಂತ ಹೇಳ್ಬಿಡು. ಸುಳ್ಳ! ದಿನಾ ಬರ್ತೀನಿ ಬರ್ತೀನಿ ಅಂತ ಕಾಯಿಸಿದ."

ಅತ್ತೆ ಬಲಗಡೆ ಇದ್ದವಳು ಮೆಲ್ಲಗೆ ಮೇಜು ಸುತ್ತಿ, ಬೀದಿಯ ಕಡೆಗೆ ಹೋಗಿ, ಅಪ್ಪನ ಎಡಗಿವಿಯ ಪಕ್ಕ ಬಗ್ಗಿ ನಿಂತಳು.

"ಅದನ್ನ ಯಾವಾಗಲೋ ಹೇಳಿದ್ದೀನಿ, ತಮ್ಮಾ" ಎಂದಳು.

ಅಪ್ಪ ಗೆರೆ ಎಳೆಯುತ್ತಲೇ ಇದ್ದ.